ಪುಟ್ಟ ಭಾಷೆಯೊಂದಕ್ಕೆ ಎಕ್ಸ್‌ಎಂಎಲ್ ಪಾರ್ಸರ್ ಬೇಕೇ? ಬಳಸಿದವರು ತಿಳಿಸಿ

ಶಿವಮೊಗ್ಗದಿಂದ ಪ್ರಶ್ನೆ: ಕಾಲೇಜಿನ ನಾವು ನಾಲ್ವರು ಪುಟ್ಟದೊಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದೇವೆ. ಭಾಷೆಯ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ, ಮಾಹಿತಿ ಬರೆದಿಡುವ ಒಂದು ವಿಧಾನವಾದ ಜೇಸನ್ ಆಗಲೇ ಇದೆ. ಮಾಹಿತಿಯನ್ನು ಟ್ಯಾಗುಗಳ ನಡುವೆ ಬರೆದಿಡುವ ಎಕ್ಸ್‌ಎಂಎಲ್‌ಗೂ ಪಾರ್ಸರ್, ಅಂದರೆ ಕಡತವನ್ನು ಓದಿ ಬಿಡಿಸಿಕೊಡುವ ಭಾಗ, ಇರಲಿ ಎಂದು ಇಬ್ಬರು, ಹಳೆಯ ಹೊರೆ ಬೇಡ ಎಂದು ಇಬ್ಬರು. ಹಿರಿಯರು ಅನುಭವ ಹೇಳಬೇಕು.

ತೀರ್ಥಹಳ್ಳಿಯಿಂದ: ಖಂಡಿತ ಇರಲಿ. ಅಡಿಕೆ ವಹಿವಾಟಿನ ಸಂಘವೊಂದಕ್ಕೆ ನಾನು ವರದಿ ತಯಾರಿಸಿಕೊಡುತ್ತೇನೆ. ಅಲ್ಲಿನ ಲೆಕ್ಕದ ತಂತ್ರಾಂಶ ಕೊಡುವುದು ಎಕ್ಸ್‌ಎಂಎಲ್ ಕಡತವನ್ನೇ. ಕಳೆದ ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಇಂಟರ್ನೆಟ್ ಇರಲಿಲ್ಲ. ಸಂಘದ ಕಂಪ್ಯೂಟರಿನಲ್ಲಿದ್ದದ್ದು ಬರಿಯ ಪೈಥಾನ್. ಏನನ್ನೂ ಇಳಿಸಿಕೊಳ್ಳುವ ಹಾಗಿರಲಿಲ್ಲ. ಎಕ್ಸ್‌ಎಂಎಲ್ ಓದುವ ಎಲಿಮೆಂಟ್‌ಟ್ರೀ ಎಂಬ ಲೈಬ್ರರಿ 2006ರ 2.5 ಆವೃತ್ತಿಯಿಂದಲೂ ಪೈಥಾನ್ ಜೊತೆಗೇ ಬರುತ್ತದೆ. ಅದು ಇದ್ದುದರಿಂದ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸಿದ ಪಟ್ಟಿ ಸಂಜೆಯೊಳಗೆ ಸಿದ್ಧವಾಯಿತು.

ನಡುವೆ ಒಮ್ಮೆ ಕೆಲಸ ನಿಂತಿತ್ತು. ಕಡತದೊಳಗೆ ಎಲ್ಲೋ  ಎಂಬ ಗುರುತು, ಅಂದರೆ ಕಣ್ಣಿಗೆ ಕಾಣದ ನಿಯಂತ್ರಣ ಅಕ್ಷರವೊಂದರ ಸಂಕೇತ, ಸೇರಿಕೊಂಡಿತ್ತು; ಎಕ್ಸ್‌ಎಂಎಲ್ 1.0 ಆ ಅಕ್ಷರವನ್ನು ಒಪ್ಪುವುದಿಲ್ಲ. ಪಾರ್ಸರ್ ಸಾಲು ಸಂಖ್ಯೆಯನ್ನೂ ಕಾಲಂ ಸಂಖ್ಯೆಯನ್ನೂ ಹೇಳಿದ್ದಕ್ಕೆ ನೇರವಾಗಿ ಅಲ್ಲಿಗೇ ಹೋಗಿ ಅಳಿಸಿದೆ. ನೀವು ಬೇರೆ ಏನನ್ನು ಕೈಬಿಟ್ಟರೂ ಈ ಸಾಲು ಸಂಖ್ಯೆಯನ್ನು ಕೈಬಿಡಬೇಡಿ, ದಯವಿಟ್ಟು.

ಸಾಗರದಿಂದ: ಬೇಡ ಎನ್ನುವವರ ಮಾತಿನಲ್ಲೂ ಹುರುಳಿದೆ. ಒಳಗೆ ಸೇರಿಸಿದ್ದನ್ನು ಹೊರಗಿಡುವುದು ಕಷ್ಟ. ಸ್ಕಾಲಾ ಭಾಷೆ 2014ರಲ್ಲಿ, 2.11 ಆವೃತ್ತಿಯಲ್ಲಿ, ಎಕ್ಸ್‌ಎಂಎಲ್ ಲೈಬ್ರರಿಯನ್ನು ಪ್ರತ್ಯೇಕಿಸಿತು. ರಸ್ಟ್ ಭಾಷೆ ಅಂತೂ ಒಳಗೆ ಬಿಟ್ಟುಕೊಂಡೇ ಇಲ್ಲ.

ನನಗೆ ನಿಜವಾದ ಚಿಂತೆ ಡಿಟಿಡಿಯದು, ಅಂದರೆ ಎಕ್ಸ್‌ಎಂಎಲ್ ಕಡತದ ರಚನೆಯನ್ನೂ ಎಂಟಿಟಿ ಎಂಬ ಅಡ್ಡಹೆಸರುಗಳನ್ನೂ ಹೇಳಿಡುವ ಭಾಗದ್ದು. ಎಂಟಿಟಿಯ ಹೆಸರು ಬಂದಲ್ಲೆಲ್ಲ ಪಾರ್ಸರ್ ಅದರ ಪಠ್ಯವನ್ನು ತುಂಬುತ್ತದೆ. ಒಂದು ಪದದ ಮೇಲೆ ಒಂಬತ್ತು ಎಂಟಿಟಿಗಳನ್ನು ಪೇರಿಸಿ, ಪ್ರತಿಯೊಂದೂ ತನ್ನ ಹಿಂದಿನದನ್ನು ಹತ್ತು ಸಲ ಕರೆಯುವಂತೆ ಬರೆದರೆ, ಒಂದು ಕಿಲೋಬೈಟಿಗೂ ಕಿರಿದಾದ ಕಡತ ಬಿಚ್ಚಿಕೊಂಡು ನೂರು ಕೋಟಿ ಪದಗಳಾಗುತ್ತದೆ, ಕಂಪ್ಯೂಟರ್ ಉಸಿರುಗಟ್ಟುತ್ತದೆ. ಬೇರೆ ಕಡತದಿಂದ ಪಠ್ಯ ತರುವ ಹೊರಗಿನ ಎಂಟಿಟಿಗಳಿಗೂ ದಾರಿ ಬಿಟ್ಟರೆ, ಯಾರೋ ಕಳುಹಿಸಿದ ಕಡತ ನಿಮ್ಮ ಸರ್ವರಿನ ಗುಟ್ಟನ್ನೆಲ್ಲ ಓದೀತು. ಸೇರಿಸುವುದಾದರೆ ಇವೆರಡನ್ನೂ ಮೊದಲಿನಿಂದಲೇ ಮುಚ್ಚಿಡಿ. ಕಡತದ ರಚನೆ ಸರಿಯೇ ಎಂದು ನೋಡುವ ಸ್ಕೀಮಾ, ಕಡತವನ್ನು ಬೇರೆ ರೂಪಕ್ಕೆ ತಿರುಗಿಸುವ ಎಕ್ಸ್‌ಎಸ್‌ಎಲ್‌ಟಿ ಬೇಕಾದವರು ಹೊರಗಿನಿಂದ ತಂದುಕೊಳ್ಳಲಿ.

ತೀರ್ಥಹಳ್ಳಿಯಿಂದ ಮತ್ತೆ: ಸಾಗರದವರ ಮಾತು ಒಪ್ಪಿದೆ. ಸಂಘದ ಇಷ್ಟು ವರ್ಷಗಳ ಕಡತಗಳಲ್ಲಿ ನಾನು ಒಂದೇ ಒಂದು ಡಿಟಿಡಿಯನ್ನೂ ಕಂಡಿಲ್ಲ. ಇನ್ನೊಂದು ಮಾತು, ಇಡೀ ಕಡತವನ್ನು ಮೆಮೊರಿಗೆ ತುಂಬದೆ ತುಂಡುತುಂಡಾಗಿ ಓದುವ ದಾರಿಯನ್ನೂ ಕೊಡಿ. ವರ್ಷದ ಲೆಕ್ಕ ದೊಡ್ಡದು, ಅಲ್ಲಿನ ಕಂಪ್ಯೂಟರ್ ಹಳೆಯದು.

ಶಿವಮೊಗ್ಗದಿಂದ: ಡಿಟಿಡಿ ಮುಚ್ಚಿದ ಪಾರ್ಸರನ್ನು ಸೇರಿಸಲು ನಾಲ್ವರೂ ಒಪ್ಪಿದ್ದೇವೆ. ತೀರ್ಥಹಳ್ಳಿಯ ಸರ್, ಆ  ಇದ್ದ ಕಡತವನ್ನು ಬೆಳೆಗಾರರ ಹೆಸರು ತೆಗೆದು ಕಳುಹಿಸಿಕೊಡುವಿರಾ? ನಮ್ಮ ಮೊದಲ ಪರೀಕ್ಷೆ ಅದರ ಮೇಲೆಯೇ ಆಗಲಿ.