ಪದಚರ್ಚೆ: ‘ದೇವಾನಾಂಪ್ರಿಯ’ಕ್ಕೆ ಕನ್ನಡದಲ್ಲಿ ಏನೆನ್ನುವುದು?

ಪ್ರಶ್ನೆ: ಅಶೋಕನ ಶಾಸನಗಳನ್ನು ಕನ್ನಡಕ್ಕೆ ತರುವಾಗ ‘ದೇವಾನಾಂಪ್ರಿಯ’ ಎಂಬುದನ್ನು ‘ದೇವಪ್ರಿಯ’ ಎನ್ನಬಹುದೇ? ‘ದೇವರ ಪ್ರತಿನಿಧಿ’ ಎಂದರೆ ತಪ್ಪೇ? ಸಂಸ್ಕೃತದಲ್ಲಿ ಇದಕ್ಕೆ ‘ಮೂರ್ಖ’ ಎಂಬ ಅರ್ಥವೂ ಇದೆಯಲ್ಲ, ಅದು ಎಲ್ಲಿಂದ ಬಂತು?

ಉತ್ತರ: ‘ಪ್ರತಿನಿಧಿ’ ಖಂಡಿತ ಬೇಡ. ‘ದೇವಾನಾಂ’ ಷಷ್ಠೀ ಬಹುವಚನ, ‘ದೇವತೆಗಳ’ ಎಂದರ್ಥ. ‘ಪ್ರಿಯ’ ಎಂದರೆ ಅವರಿಗೆ ಬೇಕಾದವನು. ದೇವತೆಗಳ ಪರವಾಗಿ ಆಳುತ್ತಾನೆ ಎಂದಾಗಲಿ, ತಾನೇ ದೇವರು ಎಂದಾಗಲಿ ಈ ಪದ ಹೇಳುವುದಿಲ್ಲ. ಕುಷಾಣರ ಕನಿಷ್ಕನ ಬಿರುದು ‘ದೇವಪುತ್ರ’. ಅಲ್ಲಿ ರಾಜ ದೇವರ ಮಗನೇ ಆಗಿಬಿಡುತ್ತಾನೆ. ಅಶೋಕನ ಬಿರುದು ಅಷ್ಟು ದೂರ ಹೋಗುವುದಿಲ್ಲ. ಅನುವಾದದಲ್ಲಿ ಈ ಅಂತರ ಅಳಿಸಿಹೋದರೆ ಮೌರ್ಯರ ರಾಜತ್ವದ ಚಿತ್ರವೇ ಕೆಡುತ್ತದೆ.

‘ದೇವಪ್ರಿಯ’ ವ್ಯಾಕರಣಕ್ಕೆ ಸರಿ. ಆದರೆ ಕನ್ನಡದ ಕಿವಿಗೆ ಅದು ಒಬ್ಬನ ಹೆಸರಿನಂತೆ ಕೇಳುತ್ತದೆ. ಮೂಲದಲ್ಲಿ ಇದು ರಾಜಬಿರುದು. ಹಲವು ಊರುಗಳಲ್ಲಿ ಕೆತ್ತಿಸಿದ ಎಂಟನೆಯ ಬಂಡೆಶಾಸನವನ್ನೇ ನೋಡಿ: ಹಿಂದಿನ ಅರಸರು ವಿಹಾರಯಾತ್ರೆಗೆ, ಅಂದರೆ ಮೋಜಿನ ಸುತ್ತಾಟಕ್ಕೆ, ಹೋಗುತ್ತಿದ್ದರು ಎನ್ನುವಲ್ಲಿ ಗುಜರಾತಿನ ಗಿರ್ನಾರಿನ ಪಾಠ ‘ರಾಜಾನೋ’ ಎಂದಿದೆ, ಉತ್ತರಾಖಂಡದ ಕಾಲ್ಸಿಯ ಪಾಠ ಅದೇ ಜಾಗದಲ್ಲಿ ‘ದೇವಾನಂಪಿಯಾ’ ಎಂದಿದೆ. ಅಂದರೆ ‘ಅರಸರು’ ಎಂಬುದಕ್ಕೇ ಪರ್ಯಾಯ. ಅಶೋಕನ ಮೊಮ್ಮಗ ದಶರಥನಿಗೂ ಸಿಂಹಳದ ತಿಸ್ಸನಿಗೂ ಇದೇ ಬಿರುದಿತ್ತು. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ ‘ದೇವಾನಂಪಿಯಸ ಅಸೋಕಸ’ ಎಂದು ಬಿರುದು, ಹೆಸರು ಎರಡನ್ನೂ ಜೊತೆಗಿಟ್ಟಿದೆ. ಹಾಗಾಗಿ ಬಿರುದನ್ನು ಹಾಗೇ ಉಳಿಸಿ, ಮೊದಲ ಸಲ ಬಂದಾಗ ಮಾತ್ರ ‘ದೇವತೆಗಳಿಗೆ ಪ್ರಿಯನಾದ’ ಎಂದು ಬಿಡಿಸಿ ಹೇಳಿದರೆ ಸಾಕು. ‘ದೇವರಿಗೆ’ ಎಂದರೆ ಏಕದೇವನ ಛಾಯೆ ಬರುತ್ತದೆ, ‘ದೇವತೆಗಳಿಗೆ’ ಎಂದೇ ಬರೆಯಿರಿ.

ಕಾಗುಣಿತದಲ್ಲಿ ಎಡವುವವರು ಬಹಳ. ‘ದೇವಾನಾಂಪ್ರಿಯ’ ಸಂಸ್ಕೃತ ರೂಪ. ಪ್ರಾಕೃತದಲ್ಲಿ ಅನುಸ್ವಾರದ ಹಿಂದಿನ ದೀರ್ಘ ಹ್ರಸ್ವವಾಗುವುದರಿಂದ ಮಸ್ಕಿಯಲ್ಲಿ ‘ದೇವಾನಂಪಿಯ’; ಗಿರ್ನಾರಿನಲ್ಲಿ ಒತ್ತಕ್ಷರ ಉಳಿದು ‘ದೇವಾನಂಪ್ರಿಯ’. ಶಾಸನಪಾಠವನ್ನು ಉದ್ಧರಿಸುವಾಗ ಆಯಾ ಊರಿನ ರೂಪವನ್ನೇ ಕೊಡಬೇಕು, ತಿದ್ದಬಾರದು. ಯಾವ ರೂಪವಾದರೂ ಬಿಡಿಸದೆ ಒಂದೇ ಪದವಾಗಿ ಬರೆಯಬೇಕು. ಇದು ಅಲುಕ್ ಸಮಾಸ, ಅಂದರೆ ಮೊದಲ ಪದದ ವಿಭಕ್ತಿ ಪ್ರತ್ಯಯ ಲೋಪವಾಗದ ಸಮಾಸ: ‘ಯುಧಿಷ್ಠಿರ’ದಲ್ಲಿ ಸಪ್ತಮಿ ಉಳಿದಂತೆ ಇಲ್ಲಿ ಷಷ್ಠಿ ಉಳಿದಿದೆ.

‘ಮೂರ್ಖ’ ಎಂಬ ಅರ್ಥದ ಜಾಡೂ ಈ ಸಮಾಸದಲ್ಲೇ ಇದೆ. ಬೈಗುಳದಲ್ಲಿ ಷಷ್ಠೀ ಲೋಪವಾಗದು ಎನ್ನುವುದು ಪಾಣಿನಿಯ ಸೂತ್ರ (6.3.21). ಅದಕ್ಕೆ ಕಾತ್ಯಾಯನನ ವಾರ್ತಿಕ (ಸೂತ್ರಕ್ಕೆ ಬರೆದ ಪೂರಕ ಟಿಪ್ಪಣಿ) ‘ದೇವಾನಾಂಪ್ರಿಯ ಇತಿ ಚ’ ಎಂದಷ್ಟೇ ಸೇರಿಸುತ್ತದೆ. ‘ಮೂರ್ಖೇ’ (ಮೂರ್ಖ ಎಂಬ ಅರ್ಥದಲ್ಲಿ) ಎಂಬ ಮಾತು ಅಲ್ಲಿಲ್ಲ, ಅದು ಕಾಣುವುದು 17ನೆಯ ಶತಮಾನದ ಭಟ್ಟೋಜಿ ದೀಕ್ಷಿತರ ವ್ಯಾಕರಣಗ್ರಂಥ ಸಿದ್ಧಾಂತಕೌಮುದಿಯಲ್ಲಿ. ಬೌದ್ಧ ಅರಸನ ಮೇಲಿನ ಸಿಟ್ಟಿಗೆ ವೈಯಾಕರಣರು ಕೂಡಲೇ ಬಿರುದನ್ನು ಬೈಗುಳ ಮಾಡಿದರು ಎಂಬ ಕಥೆ ಈ ಸಾಕ್ಷ್ಯದ ಮೇಲೆ ನಿಲ್ಲುವುದಿಲ್ಲ. ಅಶೋಕನ ಪಾಠಕ್ಕೆ ಆ ಅರ್ಥವನ್ನು ಅಡಿಟಿಪ್ಪಣಿಯಾಗಿಯೂ ತರಬೇಡಿ.

ಇನ್ನೊಂದು ಎಚ್ಚರ: 1958ರಲ್ಲಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ಸಿಕ್ಕ ಅಶೋಕನ ಗ್ರೀಕ್–ಅರಮಾಯಿಕ್ ಶಾಸನದಲ್ಲಿ ಈ ಬಿರುದೇ ಇಲ್ಲ. ಗ್ರೀಕಿನಲ್ಲಿ ಬರೀ ‘ರಾಜ ಪಿಯೊದಸ್ಸೆಸ್’, ಅಂದರೆ ಅಶೋಕನ ಇನ್ನೊಂದು ಹೆಸರಾದ ಪ್ರಿಯದರ್ಶಿ. ಅದನ್ನು ಅನುವಾದಿಸುವಾಗ ಕೈ ರೂಢಿಯಿಂದ ‘ದೇವಾನಾಂಪ್ರಿಯ’ ಎಂದು ಸೇರಿಸಿಬಿಡಬಾರದು.