ಪುಟ್ಟಿ, ಬಾಯಿಮಾತು ಸಾಕುಮಾಡು, ಶಾಲೆಗೆ ಒಂದು ಪತ್ರ ಕೊಡು

ಪುಟ್ಟಿ, ನಿನ್ನ ಮಗ ಚಿನ್ನುಗೆ ಶಾಲೆಯವರು ಏನೂ ಮಾಡಿಕೊಡುತ್ತಿಲ್ಲ ಅಂತ ಹಾಕಿದ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಹೇಳೋದು ಜಾಸ್ತಿ ಇದೆ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಮಿಕ್ಸಿ ಸದ್ದು ಬಂದರೆ ಸಹಿಸಿಕೋ.

ಚಿನ್ನುಗೆ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಷ್ಟವಾಗುವ ಕಲಿಕಾ ನ್ಯೂನತೆ ಅಂತ ನಿಮ್ಹಾನ್ಸ್ ವರದಿಯನ್ನು ಜೂನ್‌ನಲ್ಲೇ ಶಾಲೆಗೆ ಕೊಟ್ಟಿದ್ದೀಯ. ಅವರು ಪ್ರತಿ ಸಲ "ಮುಂದಿನ ಟೆಸ್ಟ್‌ನಿಂದ ನೋಡೋಣ" ಅನ್ನುತ್ತಾರೆ. ಈಗ ದಸರಾ ರಜೆಯೇ ಬಂತು, ಅಲ್ವಾ? ನೀನು ಮಾತಾಡಿದ್ದು ಯಾವುದೂ ಅವರ ಫೈಲ್‌ನಲ್ಲಿಲ್ಲ. ಪ್ರಿನ್ಸಿಪಾಲ್ ಬದಲಾದರೆ ಮತ್ತೆ ಮೊದಲಿನಿಂದ ಹೇಳಬೇಕು.

ಪ್ರಿನ್ಸಿಪಾಲ್ ಹೆಸರಿಗೆ ಪತ್ರ ಬರೆ, ಒಂದೇ ಪುಟ. ಹುಟ್ಟಿದಾಗಿನಿಂದ ಕಥೆ ಬೇಡ. ಯಾವತ್ತು ಯಾರನ್ನು ಕಂಡೆ, ಏನು ಹೇಳಿದರು, ಎರಡು ಸಾಲು ಸಾಕು. ಆಮೇಲೆ ಬೇಕಾಗಿರೋದನ್ನು ಬಿಡಿಸಿ ಕೇಳು. ಟೆಸ್ಟ್‌ನಲ್ಲಿ ಹೆಚ್ಚು ಸಮಯ. ವಿಜ್ಞಾನ, ಸಮಾಜದಲ್ಲಿ ಕಾಗುಣಿತಕ್ಕೆ ಅಂಕ ಕತ್ತರಿಸಬಾರದು. ಎಲ್ಲರ ಮುಂದೆ ಎದ್ದು ನಿಂತು ಓದು ಅನ್ನಬಾರದು. "ಮಗುವಿನ ಕಡೆ ಗಮನ ಕೊಡಿ" ಅಂತ ಬರೆದರೆ "ಕೊಡ್ತಿದ್ದೀವಲ್ಲ" ಅಂತಾರೆ, ಮುಗಿಯಿತು. ಸಮಯಕ್ಕೆ ಒಂದು ಅಳತೆ ಇದೆ. ಅಂಗವಿಕಲರ ಪರೀಕ್ಷೆಗೆ ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಇದೆ. ಶಾಲೆಯ ಯೂನಿಟ್ ಟೆಸ್ಟ್‌ಗೆ ಅಂತ ಮಾಡಿದ್ದಲ್ಲ ಅದು, ಆದರೂ ಕೇಳುವಾಗ ಅದನ್ನೇ ಹಿಡಿ. ಯಾರು ನೋಡಿಕೊಳ್ಳುತ್ತಾರೆ, ಯಾವತ್ತಿನೊಳಗೆ ತಿಳಿಸುತ್ತಾರೆ, ಅದನ್ನೂ ಕೇಳು.

ವರದಿಯ ಜೆರಾಕ್ಸ್ ಮಾತ್ರ ಕೊಡು, ಒರಿಜಿನಲ್ ಬೀರುವಿನಲ್ಲೇ ಇರಲಿ. ಪತ್ರದ ಎರಡನೇ ಪ್ರತಿಗೆ ಸೀಲು, ತಾರೀಖು ಹಾಕಿಸಿಕೋ. ಆಫೀಸಿನವರು ಹಾಕಲ್ಲ ಅಂದರೆ ಜಗಳ ಬೇಡ, ಈಮೇಲ್ ಮಾಡಿ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸು.

"ನಮ್ಮದು ಪ್ರೈವೇಟ್ ಶಾಲೆ, ಇದೆಲ್ಲ ಇಲ್ಲ" ಅಂದರೆ ಹೆದರಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರದ ಮಾನ್ಯತೆ ಇರುವ ಶಾಲೆಗಳನ್ನೂ ಹೆಸರಿಸುತ್ತದೆ. ಅದರ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯೂ ಇದೆ.

ಕ್ಲಾಸ್ ಟೀಚರ್ ಮೇಲೆ ಮಾತ್ರ ಕೂಗಾಡಬೇಡ. ಮೇಲಿನಿಂದ ಆದೇಶ ಬರದೆ ಅವರು ಒಂದು ಅಂಕವನ್ನೂ ಬದಲಿಸುವಂತಿಲ್ಲ. ಪತ್ರ ಕೊಡುವ ಮೊದಲು ಅವರಿಗೇ ತೋರಿಸು, ಎಷ್ಟೋ ಸಲ ಅವರೇ ಒಳಗಿನಿಂದ ತಳ್ಳುತ್ತಾರೆ. ಪೇರೆಂಟ್ಸ್ ಗ್ರೂಪ್‌ನಲ್ಲಂತೂ ಹಾಕಲೇಬೇಡ, ನಾಳೆಯೇ ಮಕ್ಕಳ ಬಾಯಲ್ಲಿ ಬರುತ್ತದೆ.

ಉತ್ತರ ಬರದಿದ್ದರೆ ಮ್ಯಾನೇಜ್‌ಮೆಂಟ್‌ಗೆ ಬರೆ, ಆಮೇಲೆ ಬಿಇಒ ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ, ಅಲ್ಲಿಂದ ಅವರ ಮೇಲಿನ ಜಿಲ್ಲಾ ಅಧಿಕಾರಿ ಡಿಡಿಪಿಐಗೆ. ಪ್ರತಿ ಸಲ ಹಿಂದಿನ ಪತ್ರದ ಪ್ರತಿ ಜೊತೆಗಿರಲಿ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ದೂರು ಕೊಟ್ಟರೆ 3 ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಇದೆ. ಅದೂ ಆಗದಿದ್ದರೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಅಲ್ಲಿವರೆಗೆ ಹೋಗೋದು ಕಡಿಮೆ, ಬಿಇಒ ಹೆಸರು ಬಂದ ಕೂಡಲೇ ಫೋನ್ ಬರುತ್ತದೆ. ಚಿನ್ನುನ ಹೊಡೆಯೋದು, ಅವಮಾನ ಮಾಡೋದು ಏನಾದರೂ ನಡೆದರೆ ಈ ಮೆಟ್ಟಿಲೆಲ್ಲ ಬೇಡ, ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು.

ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಸಮಯ, ಬರೆಯೋಕೆ ಸಹಾಯಕ ಬೇಕಾದರೆ ಶಾಲೆಯ ಮೂಲಕವೇ ಅರ್ಜಿ ಹೋಗಬೇಕು. ಅವನಿನ್ನೂ 7ನೇ ಕ್ಲಾಸು, ಈಗಿನ ಕಾಗದ ಆಗ ಕೆಲಸಕ್ಕೆ ಬರುತ್ತದೆ.

ಇವತ್ತು ರಾತ್ರಿ ಬರೆದು ನನಗೆ ಕಳಿಸು, ನೋಡಿ ಹೇಳುತ್ತೇನೆ. ನಿನ್ನ ಗಂಡನ ಕೈಗೆ ಕೊಡಬೇಡ, ಅವನು ಮೂರು ಪುಟ ಮಾಡುತ್ತಾನೆ.