ಬ್ರೂಕ್ಲಿನ್ ಸಿನಿಮಾ ನೋಡಿದೆ, ಟೋಬೀನ್ ಅವರನ್ನು ಎಲ್ಲಿಂದ ಓದಲಿ?

ಕೇಳಿದವರು, ಶಿವಮೊಗ್ಗ

ಮೊನ್ನೆ ರಾತ್ರಿ ನಿದ್ದೆ ಬರದೆ ‘ಬ್ರೂಕ್ಲಿನ್’ ಸಿನಿಮಾ ಹಾಕಿಕೊಂಡು ಕೂತೆ. ಐರ್ಲೆಂಡಿನ ಸಣ್ಣ ಊರಿನ ಹುಡುಗಿ ಕೆಲಸ ಹುಡುಕಿಕೊಂಡು ಅಮೆರಿಕಕ್ಕೆ ಹಡಗು ಹತ್ತುತ್ತಾಳಲ್ಲ, ಅದು. ನನ್ನ ಮಗಳೂ ಹೊರದೇಶದಲ್ಲಿದ್ದಾಳೆ, ಹಾಗಾಗಿ ಆ ಹುಡುಗಿಯ ಅಕ್ಕ ದಡದಲ್ಲಿ ನಿಂತು ಕೈ ಬೀಸುವ ಹೊತ್ತಿಗೆ ನನ್ನ ಸೆರಗು ಒದ್ದೆ. ಆಮೇಲೆ ಗೊತ್ತಾಯಿತು, ಇದು ಕಾಲಂ ಟೋಬೀನ್ ಅನ್ನುವವರ ಕಾದಂಬರಿ, ಅವರದು ಇನ್ನೂ ಹತ್ತು ಇವೆ ಅಂತ. ಇಂಗ್ಲಿಷ್ ಓದುತ್ತೇನೆ, ಆದರೆ ಪುಟಕ್ಕೆ ನಾಲ್ಕು ಸಲ ನಿಘಂಟು ತೆಗೆಯುವ ತಾಳ್ಮೆ ಇಲ್ಲ. ಯಾವುದು ಮೊದಲು ಓದಲಿ? ಓದಿದವರು ಅನುಭವ ಹೇಳಿ.

ಮೈಸೂರಿನಿಂದ

ನಿಘಂಟಿನ ಚಿಂತೆ ಬಿಡಿ ಅಕ್ಕ. ಟೋಬೀನ್ ಬರೆಯುವುದು ಸಾದಾ ಇಂಗ್ಲಿಷು, ಚಿಕ್ಕ ಚಿಕ್ಕ ವಾಕ್ಯ. ಕಷ್ಟ ಇರುವುದು ಭಾಷೆಯಲ್ಲಲ್ಲ, ಪಾತ್ರಗಳು ಬಾಯಿಬಿಟ್ಟು ಹೇಳದೇ ಇರುವುದರಲ್ಲಿ.

ಸಿನಿಮಾ ನೋಡಿದ್ದೀರಿ ಅಂತ ‘ಬ್ರೂಕ್ಲಿನ್’ ಪುಸ್ತಕ ಬಿಡಬೇಡಿ. 2009ರ ಕಾದಂಬರಿ, ಸಿನಿಮಾ ಬಂದಿದ್ದು 2015ರಲ್ಲಿ. ಪುಸ್ತಕದಲ್ಲಿ ಆ ಹುಡುಗಿ ಐಲಿಶ್‌ಗೆ ಮೂವರು ಅಣ್ಣಂದಿರಿದ್ದಾರೆ, ಮೂವರೂ ಕೆಲಸಕ್ಕೆ ಇಂಗ್ಲೆಂಡ್ ಸೇರಿದವರು. ಸಿನಿಮಾದಲ್ಲಿ ಅವರ ಸುಳಿವೇ ಇಲ್ಲ. ಅವರು ಇದ್ದಾಗಲೇ ಗೊತ್ತಾಗುವುದು, ಆ ಮನೆಯಿಂದ ಮಕ್ಕಳು ಒಬ್ಬೊಬ್ಬರಾಗಿ ಖಾಲಿಯಾಗುತ್ತಾ ಬಂದಿದ್ದಾರೆ, 1950ರ ದಶಕದ ಐರ್ಲೆಂಡ್ ಹಾಗೇ ಇತ್ತು ಅಂತ. ಕೊನೆಯೂ ಬೇರೆ. ಸಿನಿಮಾದಲ್ಲಿ ಅವಳು ಬ್ರೂಕ್ಲಿನ್‌ಗೆ ಬಂದು ಗಂಡನನ್ನು ಸೇರುತ್ತಾಳೆ, ನಮಗೂ ಸಮಾಧಾನ. ಪುಸ್ತಕ ಅಲ್ಲಿವರೆಗೆ ಹೋಗುವುದೇ ಇಲ್ಲ, ಅವಳು ಇನ್ನೂ ಐರ್ಲೆಂಡಿನ ರೈಲಿನಲ್ಲೇ ಇರುವಾಗ ಮುಗಿದುಬಿಡುತ್ತದೆ. ನಾನು ಪುಟ ಕಿತ್ತುಹೋಗಿದೆಯೇನೋ ಅಂತ ತಿರುವಿ ನೋಡಿದೆ.

ಇನ್ನೊಂದು ಮಾತು, ಸಿನಿಮಾ ನೋಡುವವರೆಗೂ ನಾನು ಅವಳ ಹೆಸರನ್ನು ‘ಐಲಿಸ್’ ಅಂತಲೇ ಓದಿಕೊಂಡಿದ್ದೆ. ಐರಿಷ್ ಹೆಸರುಗಳ ಸ್ಪೆಲ್ಲಿಂಗ್ ಒಂದು, ಉಚ್ಚಾರ ಇನ್ನೊಂದು.

ಅದಾದ ಮೇಲೆ ‘ನೋರಾ ವೆಬ್‌ಸ್ಟರ್’ (2014). ನನ್ನ ಮಟ್ಟಿಗೆ ಅವರ ಅತಿ ಒಳ್ಳೆಯ ಪುಸ್ತಕ ಅದೇ. ಗಂಡ ಸತ್ತಿದ್ದಾನೆ, ನಾಲ್ಕು ಮಕ್ಕಳು, ದಿನಾ ಸಂಜೆ ಯಾರಾದರೊಬ್ಬರು ಮಾತಾಡಿಸಲು ಬರುತ್ತಾರೆ. ಬಂದವರು ಒಳ್ಳೆಯವರೇ, ಆದರೂ ಬಾಗಿಲು ತೆರೆದು ತೆರೆದು ಅವಳಿಗೆ ಸಾಕಾಗಿದೆ. ಹನ್ನೊಂದನೇ ದಿನ ಕಳೆದರೂ ಜನ ಬರುತ್ತಲೇ ಇರುವ ಮನೆಯಲ್ಲಿ ಇದ್ದವರಿಗೆ ಆ ಮೊದಲ ಪುಟಗಳನ್ನು ಯಾರೂ ವಿವರಿಸಬೇಕಿಲ್ಲ. ಅವಳು ಕೂದಲಿಗೆ ಬಣ್ಣ ಹಾಕಿಸಿಕೊಂಡಿದ್ದೇ ಊರಿಗೆ ದೊಡ್ಡ ಸುದ್ದಿ. ಹಳೇ ಆಫೀಸಿಗೇ ಮತ್ತೆ ಕೆಲಸಕ್ಕೆ ಹೋಗುತ್ತಾಳೆ, ಹಾಡು ಕಲಿಯುತ್ತಾಳೆ, ಗ್ರಾಮಫೋನ್ ತಟ್ಟೆ ಕೊಳ್ಳುತ್ತಾಳೆ. ಕಥೆ ಅಷ್ಟೇ. ಆದರೆ ಗಂಡ ಸಾಯುವ ಮುಂಚೆ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ಅವಳು ಗಂಡುಮಕ್ಕಳಿಬ್ಬರನ್ನೂ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದಳು, ಒಂದು ಸಲವೂ ನೋಡಲು ಹೋಗಲಿಲ್ಲ. ದೊಡ್ಡವನಿಗೆ ಮಾತು ತೊದಲುತ್ತದೆ. ಅದನ್ನು ಇದಕ್ಕೆ ಜೋಡಿಸುವ ಕೆಲಸ ಲೇಖಕರು ಮಾಡುವುದಿಲ್ಲ, ನಮಗೇ ಬಿಡುತ್ತಾರೆ.

ಟೋಬೀನ್ ತಂದೆ ಮೇಷ್ಟ್ರು, ಮಗನಿಗೆ ಹನ್ನೆರಡು ವರ್ಷ ಆಗಿದ್ದಾಗ ತೀರಿಕೊಂಡರು. ಆ ತೊದಲುವ ಹುಡುಗ ಯಾರು ಅಂತ ಇದರಿಂದ ಗೊತ್ತಾಗುತ್ತದೆ. ಮತ್ತೆ ಮೊದಲ ಅಧ್ಯಾಯದಲ್ಲಿ ನೋರಾಳನ್ನು ಮಾತಾಡಿಸಲು ಬರುವ ಒಬ್ಬ ಮುದುಕಿ ಇದ್ದಾರೆ, ಹೆಸರು ನೋಡಿ. ಐಲಿಶ್‌ಳ ತಾಯಿ! ‘ಬ್ರೂಕ್ಲಿನ್’ ಮೊದಲೇ ಓದಿ ಅಂದಿದ್ದು ಇದಕ್ಕೇ.

ಡಬ್ಲಿನ್‌ನಿಂದ

ಇಲ್ಲಿಗೆ ಕೆಲಸಕ್ಕೆ ಬಂದ ಮೇಲೆ ಆಫೀಸಿನವರು ಹೇಳಿ ಓದಿದವನು ನಾನು. ಐಲಿಶ್, ನೋರಾ ಇಬ್ಬರದೂ ಒಂದೇ ಊರು, ಅದು ನಿಜವಾದ ಊರೇ, ವೆಕ್ಸ್‌ಫರ್ಡ್ ಜಿಲ್ಲೆಯ ಎನ್ನಿಸ್ಕಾರ್ತಿ, ಟೋಬೀನ್ 1955ರಲ್ಲಿ ಹುಟ್ಟಿದ್ದೂ ಅಲ್ಲೇ. ಡಬ್ಲಿನ್‌ನಿಂದ ರಾಸ್‌ಲೇರ್ ಬಂದರಿಗೆ ಹೋಗುವ ರೈಲು ಹತ್ತಿದರೆ ದಾರಿಯಲ್ಲೇ ಸಿಗುತ್ತದೆ. ಮೊದಲರ್ಧ ಸಮುದ್ರದ ಪಕ್ಕದಲ್ಲೇ ಹೋಗುತ್ತದೆ, ಎಡಗಡೆ ಕಿಟಕಿ ಹಿಡಿಯಿರಿ. ಸ್ಲೇನಿ ನದಿ, ಕೋಟೆ, ದಿಬ್ಬದ ಮೇಲೆ ಹತ್ತುವ ಬೀದಿಗಳು, ಆಚೆ ವಿನೆಗರ್ ಹಿಲ್. ಒಂದು ಸಂಜೆಗೆ ಊರು ಸುತ್ತಿ ಮುಗಿಯಿತು. ಇಷ್ಟು ಚಿಕ್ಕ ಊರಲ್ಲಿ ಗುಟ್ಟು ಉಳಿಯುವುದು ಹೇಗೆ ಅಂತ ಆಗ ಅರ್ಥ ಆಯಿತು, ಉಳಿಯುವುದಿಲ್ಲ. ಸಿನಿಮಾದ ಐರ್ಲೆಂಡಿನ ಎಷ್ಟೋ ದೃಶ್ಯಗಳನ್ನು ಅಲ್ಲೇ ತೆಗೆದಿದ್ದಾರೆ. ಬ್ರೂಕ್ಲಿನ್ ಬೀದಿಗಳು ಮಾತ್ರ ಬಹುಪಾಲು ಕೆನಡಾದ ಮಾಂಟ್ರಿಯಲ್‌ನವು.

ನನಗೆ ತಾಗಿದ್ದು ಒಂದು ಸಣ್ಣ ಭಾಗ. ಐಲಿಶ್‌ಗೆ ಮನೆಯಿಂದ ಕಾಗದ ಬಂದಾಗ ಖುಷಿ ಆಗುವುದಿಲ್ಲ, ಅಲ್ಲಿವರೆಗೆ ಹೇಗೋ ತಡೆದುಕೊಂಡಿದ್ದು ಕಾಗದ ಓದಿದ ಮೇಲೆ ಕುಸಿಯುತ್ತದೆ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಅಮ್ಮನ ವೀಡಿಯೊ ಕಾಲ್ ಕಟ್ ಮಾಡಿ ‘ಮೀಟಿಂಗ್ ಇದೆ’ ಅಂತ ಸುಳ್ಳು ಹೇಳುತ್ತಿದ್ದೆ. ಮಗಳು ಫೋನ್ ಎತ್ತದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ ಆಂಟಿ.

ಧಾರವಾಡದಿಂದ

ಎಲ್ಲಾರೂ ಹೊಗಳಾಕತ್ತೀರಿ, ಒಂದು ಎಚ್ಚರಿಕೆನೂ ಇರಲಿ. ಯಾರದೋ ಮಾತು ಕೇಳಿ ನಾನು ಶುರು ಮಾಡಿದ್ದು ‘ದಿ ಮಾಸ್ಟರ್’ (2004). ಬುಕರ್ ಅಂತಿಮ ಪಟ್ಟಿಯಲ್ಲಿ ಇತ್ತು, ಡಬ್ಲಿನ್‌ನ ದೊಡ್ಡ ಪ್ರಶಸ್ತಿಯೂ ಬಂತು, ಹಾಗಂತ ಕೊಂಡೆ. ಹೆನ್ರಿ ಜೇಮ್ಸ್ ಅನ್ನುವ ಹಳೇ ಕಾದಂಬರಿಕಾರನ ಸುಮಾರು ಐದು ವರ್ಷದ ಬದುಕು ಅದು, ಅವನ ನಾಟಕ ಲಂಡನ್ನಿನಲ್ಲಿ ಬಿದ್ದುಹೋಗುವುದರಿಂದ ಶುರು. ಜೇಮ್ಸ್‌ನನ್ನು ನಾನು ಓದಿರಲಿಲ್ಲ. ಅರವತ್ತು ಪುಟಕ್ಕೆ ಸಾಕಾಗಿ ಮುಚ್ಚಿಟ್ಟೆ, ಮೂರು ವರ್ಷ ಟೋಬೀನ್ ಹೆಸರು ಎತ್ತಲಿಲ್ಲ. ತಪ್ಪು ಪುಸ್ತಕದ್ದಲ್ಲ, ಬಾಗಿಲು ತಪ್ಪಿತ್ತು. ಜರ್ಮನ್ ಕಾದಂಬರಿಕಾರ ಥಾಮಸ್ ಮಾನ್ ಮೇಲಿನ ‘ದಿ ಮ್ಯಾಜಿಷಿಯನ್’ ಕೂಡ ಆಮೇಲೆ ಇಟ್ಟುಕೊಳ್ಳಿ, ಅದು ದಪ್ಪ ಬೇರೆ.

ಮೈಸೂರಿನವರು ‘ಲಾಂಗ್ ಐಲ್ಯಾಂಡ್’ ಯಾಕೆ ಬಿಟ್ಟರೋ! 2024ರಲ್ಲಿ ಬಂದ, ‘ಬ್ರೂಕ್ಲಿನ್’ ಮುಂದಿನ ಭಾಗ. 1976ರ ಸುಮಾರು, ಐಲಿಶ್‌ಗೆ ಬೆಳೆದ ಮಕ್ಕಳು. ಯಾರೋ ಒಬ್ಬ ಮನೆ ಬಾಗಿಲಿಗೆ ಬಂದು, ನಿನ್ನ ಗಂಡನಿಂದ ನನ್ನ ಹೆಂಡತಿ ಬಸುರಿ, ಕೂಸು ಹುಟ್ಟಿದ ಮೇಲೆ ತಂದು ನಿನ್ನ ಮನೆ ಮುಂದೆ ಬಿಟ್ಟು ಹೋಗುತ್ತೇನೆ ಅನ್ನುತ್ತಾನೆ. ಮೊದಲ ಅಧ್ಯಾಯದಲ್ಲೇ! ಏನೂ ನಡೆಯುವುದಿಲ್ಲ ಅಂತ ಬೈಯುವವರಿಗೆ ಇದನ್ನೇ ಕೊಡಬೇಕು.

ಮೈಸೂರಿನಿಂದ, ಮತ್ತೆ

ಬೇಕಂತಲೇ ಬಿಟ್ಟೆ ಸರ್. ‘ಬ್ರೂಕ್ಲಿನ್’ ಕೊನೆಯಲ್ಲಿ ಉಳಿದಿದ್ದ ಆ ಅನುಮಾನ ನನಗೆ ಪ್ರೀತಿಯದು, ಇಪ್ಪತ್ತು ವರ್ಷದ ನಂತರ ಏನಾಯಿತು ಅಂತ ಹೇಳಿಬಿಟ್ಟಿದ್ದು ಅಷ್ಟು ಹಿಡಿಸಲಿಲ್ಲ. ಕೂತಲ್ಲೇ ಓದಿ ಮುಗಿಸಿದೆ ಅನ್ನುವುದೂ ನಿಜ, ಒಪ್ಪಿಕೊಳ್ಳುತ್ತೇನೆ.

ಮಂಗಳೂರಿನಿಂದ

ಯಾರೂ ಹೇಳದ ಒಂದು, ‘ದಿ ಹೆದರ್ ಬ್ಲೇಜಿಂಗ್’, 1992ರದ್ದು. ಡಬ್ಲಿನ್‌ನ ಒಬ್ಬ ನ್ಯಾಯಾಧೀಶ, ಬೇಸಿಗೆ ರಜೆಗೆ ಕುಶ್ ಅನ್ನುವ ಕಡಲ ದಡದ ಹಳ್ಳಿಗೆ ಹೋಗುತ್ತಾನೆ. ವರ್ಷ ವರ್ಷ ಸಮುದ್ರ ಅಲ್ಲಿ ದಡ ತಿನ್ನುತ್ತದೆ, ಗುರುತಿದ್ದ ಮನೆಗಳು ಒಂದೊಂದೇ ಬೀಳುತ್ತವೆ. ನಾವು ಉಳ್ಳಾಲ ಕಡೆಯವರು, ಕಡಲ್ಕೊರೆತ ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದು ತೆಂಗಿನಮರ ಎಷ್ಟು ಉಳಿದಿವೆ ಅಂತ ಎಣಿಸಿದವರು ನಾವು. ಆ ನ್ಯಾಯಾಧೀಶನಿಗೆ ಕಾನೂನು ಪೂರ್ತಿ ಗೊತ್ತು, ಹೆಂಡತಿ ಹತ್ತಿರ ಮಾತಾಡುವುದು ಮಾತ್ರ ಗೊತ್ತಿಲ್ಲ. ಸಿಟ್ಟು ಬರುತ್ತದೆ ಅವನ ಮೇಲೆ. ಕೊನೆಗೆ ಪಾಪ ಅನ್ನಿಸುತ್ತದೆ.

ಹೊಸ ಪ್ರತಿ ಸಿಗದಿದ್ದರೆ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ನೋಡಿ. ನನಗೆ ಸಿಕ್ಕಿದ್ದು ಹಾಗೇ, ಯಾರೋ ಪೆನ್ಸಿಲ್‌ನಲ್ಲಿ ಗೆರೆ ಎಳೆದ ಪ್ರತಿ.

ಕೇಳಿದವರು, ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ‘ಬ್ರೂಕ್ಲಿನ್’ ಪುಸ್ತಕ ತರಿಸಿಕೊಂಡೆ, ನಲವತ್ತು ಪುಟ ಆಯಿತು, ನಿಘಂಟು ಇನ್ನೂ ಕಪಾಟಿನಲ್ಲೇ ಇದೆ. ಗಿರಾಕಿಯ ಅಂತಸ್ತು ನೋಡಿ ಮಾತಾಡುವ ಆ ಅಂಗಡಿ ಮಿಸ್ ಕೆಲ್ಲಿ ಇದ್ದಾಳಲ್ಲ, ನಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ, ಹೆಸರು ಹೇಳುವುದಿಲ್ಲ. ‘ನೋರಾ ವೆಬ್‌ಸ್ಟರ್’ ಮಗಳಿಗೆ ಹೇಳಿದ್ದೇನೆ, ಡಿಸೆಂಬರ್‌ನಲ್ಲಿ ಬರುವಾಗ ತರುತ್ತಾಳಂತೆ. ಡಬ್ಲಿನ್ ತಮ್ಮಾ, ನಿನ್ನ ‘ಮೀಟಿಂಗ್ ಇದೆ’ ಓದಿದ ಮೇಲೆ ಅವಳ ಮೀಟಿಂಗ್‌ಗಳ ಲೆಕ್ಕ ಹಾಕುತ್ತಾ ಕೂತಿದ್ದೇನೆ.